ಎಂ.ಬಿ.ಎ. ಓದಿನಿಂದ ನಮಗೆ ಬೇಕಾದದ್ದೇನು?



ಪದವಿ ತರಗತಿಯ ಕೊನೆಯ ವರ್ಷ ಬಂತೆಂದರೆ 'ಮುಂದೇನು?' ಎಂಬ ಪ್ರಶ್ನೆ ಏಳುತ್ತದೆ. ಇಂಜಿನಿಯರಿಂಗ್ ಓದಿದವರಾಗಲಿ, ಬಿ.ಕಾಂ. ಓದಿದವರಾಗಲಿ, ಹಲವರ ಉತ್ತರ ಒಂದೇ: ಎಂ.ಬಿ.ಎ. ಏಕೆಂದು ಕೇಳಿದರೆ ಮಾತ್ರ ಉತ್ತರಗಳು ಬೇರೆಬೇರೆ. ಒಬ್ಬರಿಗೆ ಒಳ್ಳೆಯ ಸಂಬಳ ಬೇಕು. ಇನ್ನೊಬ್ಬರಿಗೆ ಹಿಡಿದ ಕೆಲಸ ಬಿಟ್ಟು ಬೇರೆ ಕ್ಷೇತ್ರ ಸೇರುವ ದಾರಿ ಬೇಕು. ಮತ್ತೊಬ್ಬರಿಗೆ ಸ್ವಂತ ಉದ್ಯಮದ ಆಸೆ. ಈ ಬಯಕೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸಂಬಳ. ಕಾಲೇಜುಗಳ ಜಾಹೀರಾತಿನಲ್ಲಿ 'ಸರಾಸರಿ ವೇತನ' ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ, ಒಬ್ಬರಿಗೆ 1 ಕೋಟಿ 10 ಲಕ್ಷ ದೊರೆಯಿತೆನ್ನಿ. ಸರಾಸರಿ 20 ಲಕ್ಷವಾಯಿತು! ಆದರೆ ಅಷ್ಟು ಸಂಬಳ ಅವರಲ್ಲಿ ಯಾರಿಗೂ ಬಂದಿಲ್ಲ. ಆದ್ದರಿಂದ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಮೊತ್ತವನ್ನು, ಅಂದರೆ ಮಧ್ಯಾಂಕವನ್ನು, ಕೇಳಬೇಕು.

ಖರ್ಚನ್ನೂ ಲೆಕ್ಕ ಹಾಕಬೇಕು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐ.ಐ.ಎಂ.ನಲ್ಲಿ ಎರಡು ವರ್ಷದ ವ್ಯಾಸಂಗಕ್ಕೆ ಇಂದು 20 ಲಕ್ಷ ರೂಪಾಯಿಗೂ ಹೆಚ್ಚು ಶುಲ್ಕವಿದೆ. ಅಷ್ಟು ಸಾಲ ಮಾಡಿದರೆ, ಶೇಕಡಾ 10ರ ದರದಲ್ಲಿ, ವರ್ಷದ ಬಡ್ಡಿಯೇ 2 ಲಕ್ಷ. ಕೆಲಸದಲ್ಲಿದ್ದವರು ಆ ಎರಡು ವರ್ಷ ಕಳೆದುಕೊಳ್ಳುವ ಸಂಬಳವೂ ಖರ್ಚೇ. ಮನೆಯ ಜಮೀನನ್ನೋ ಒಡವೆಯನ್ನೋ ಅಡವಿಡಲು ಸಿದ್ಧರಾದ ತಂದೆತಾಯಿಯರ ಮುಂದೆ ಈ ಲೆಕ್ಕವನ್ನು ಬಿಡಿಸಿ ಇಡುವುದು ನಿಮ್ಮ ಹೊಣೆ.

ಎರಡನೆಯದು ಕ್ಷೇತ್ರದ ಬದಲಾವಣೆ. ಇಲ್ಲಿ ಈ ಓದು ನಿಜಕ್ಕೂ ನೆರವಾಗುತ್ತದೆ. ಮೊದಲ ವರ್ಷ ಲೆಕ್ಕಪತ್ರ, ಅರ್ಥಶಾಸ್ತ್ರ, ಮಾರುಕಟ್ಟೆ, ಸಂಖ್ಯಾಶಾಸ್ತ್ರ ಮುಂತಾದ ವಿಷಯಗಳನ್ನು ಎಲ್ಲರೂ ಕಲಿಯುತ್ತಾರೆ. ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಿ ನೋಡಬಹುದು. ಎರಡನೆಯ ವರ್ಷ ತಮಗೊಪ್ಪುವ ವಿಷಯಗಳನ್ನು ಆರಿಸಿಕೊಳ್ಳಬಹುದು. ಆದರೆ ಒಂದೆರಡು ವರ್ಷ ದುಡಿದು ಬಂದವರಿಗೆ ಈ ಪಾಠಗಳು ಹೆಚ್ಚು ಹಿಡಿಸುತ್ತವೆ. ಹೈದರಾಬಾದಿನ ಐ.ಎಸ್.ಬಿ. 2001ರಲ್ಲಿ ಆರಂಭಿಸಿದ ಒಂದು ವರ್ಷದ ವ್ಯಾಸಂಗ ಅನುಭವಸ್ಥರಿಗಾಗಿಯೇ ರೂಪುಗೊಂಡದ್ದು.

ಮೂರನೆಯದು ಸ್ವಂತ ಉದ್ಯಮ. ಬಂಡವಾಳದ ಲೆಕ್ಕವನ್ನು, ಗಿರಾಕಿಯ ಮನಸ್ಸನ್ನು ಅರಿಯುವ ಕ್ರಮವನ್ನು ತರಗತಿ ಕಲಿಸಬಲ್ಲದು, ಗಿರಾಕಿಯನ್ನು ಕರೆತರಲಾರದು. ನಿರ್ವಹಣೆಯೆಂದರೆ ದೊಡ್ಡ ಕಂಪೆನಿಯ ಕೆಲಸವೆಂದಷ್ಟೇ ಭಾವಿಸಬೇಕಿಲ್ಲ. ಹಾಲಿನ ಸಹಕಾರಿ ಚಳವಳಿಯ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದದಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನು ಸ್ಥಾಪಿಸಿದರು. ರೈತರ ಸಂಘಗಳಿಗೂ ತರಬೇತಾದ ವ್ಯವಸ್ಥಾಪಕರು ಬೇಕೆಂಬುದೇ ಅದರ ಹಿಂದಿನ ಆಲೋಚನೆ.

ಮಿತ್ರರೇ, ಅರ್ಜಿ ತುಂಬುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಬಯಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ಕಾಲೇಜಿನಲ್ಲಿ ಕಳೆದ ವರ್ಷ ಓದಿ ಹೊರಬಂದ ಇಬ್ಬರು ಮೂವರನ್ನು ಕಂಡು, ಆ ಬಯಕೆ ಅಲ್ಲಿ ಎಷ್ಟು ಮಂದಿಗೆ ಈಡೇರಿತೆಂದು ವಿಚಾರಿಸಿರಿ. ವಾಕ್ಯ ಬರೆಯಲು ಆಗದಿದ್ದರೆ ಅವಸರ ಬೇಡ. ಕೆಲವು ಕಾಲ ದುಡಿದು ನೋಡಿ. ಪ್ರವೇಶ ಪರೀಕ್ಷೆ ಮುಂದಿನ ವರ್ಷವೂ ನಡೆಯುತ್ತದೆ.