ಬರಣಿಯಲ್ಲಿ ಉಳಿದ ಬೇಸಿಗೆ: ಗುಳಂಬದ ಚರಿತ್ರೆ



ತಾಳಿಕೋಟೆ ಅಂದಕೂಡಲೇ ನೆನಪಾಗುವುದು 1565ರ ಯುದ್ಧ. ರಕ್ಕಸ-ತಂಗಡಗಿಯ ಕದನ ಅಂತಲೂ ಅದಕ್ಕೆ ಹೆಸರುಂಟು. ದಖ್ಖನ್ ಸುಲ್ತಾನರ ದಂಡು 1564ರ ಡಿಸೆಂಬರಿನಲ್ಲಿ ತಾಳಿಕೋಟೆಯಲ್ಲಿ ಬೀಡುಬಿಟ್ಟಿತ್ತು. ಆ ದಂಡಿನ ಕಥೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಈ ಸೀಮೆಯ ಅಡುಗೆಮನೆಯ ಬರಣಿಯ ಕಥೆ ಬರೆದವರು ಕಡಿಮೆ. ಇವತ್ತು ಅದನ್ನೇ, ಮಾವಿನಕಾಯಿಗೆ ಬೆಲ್ಲ ಹಾಕಿ ಮಾಡುವ ನಮ್ಮ ಗುಳಂಬದ ಕಥೆಯನ್ನೇ ಹೇಳುತ್ತೇನೆ.

ಯುಗಾದಿ ಕಳೆದು ಮಾವಿನಕಾಯಿ ಬಲಿತವೆಂದರೆ ಗುಳಂಬದ ಕಾಲ. ಸಿಪ್ಪೆ ತೆಗೆದು, ತುರಿದೋ ಹೋಳು ಮಾಡಿಯೋ, ಮೊದಲು ಮೆತ್ತಗೆ ಬೇಯಿಸಬೇಕು. ಬೆಲ್ಲ ಆಮೇಲೆ. ಬೆಲ್ಲ ಮೊದಲೇ ಬಿದ್ದರೆ ಹೋಳು ಬಿರುಸಾಗುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ, ಗಟ್ಟಿಯಾದ ಮೇಲೆ ಏಲಕ್ಕಿ ಪುಡಿ ಹಾಕಿ ಇಳಿಸಿದರೆ ಆಯಿತು. ಚಪಾತಿಯ ಜೊತೆಗೆ ಇದೊಂದಿದ್ದರೆ ಮಕ್ಕಳು ಪಲ್ಯ ಕೇಳುವುದಿಲ್ಲ.

ಇದನ್ನು ಮೊದಲು ಮಾಡಿದವರು ಯಾರು ಅಂದರೆ ಹೆಸರು ಸಿಗದು. ಅಡುಗೆಯನ್ನು ಬರೆದಿಡುವ ರೂಢಿ ಮಾತ್ರ ನಮ್ಮಲ್ಲಿ ಹಳೆಯದು. ಚಾಲುಕ್ಯರ ಕಾಲದ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟವನ್ನು ವರ್ಣಿಸಿದ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ, ಅಂದರೆ ತಾಳಿಕೋಟೆ ಯುದ್ಧಕ್ಕೆ ಎರಡು ವರ್ಷ ಮುಂಚೆ, ಅಚ್ಚು ಹಾಕಿಸಿದ ಪುಸ್ತಕದಲ್ಲಿ ಸಕ್ಕರೆಯಲ್ಲಿ ಕಾಪಿಟ್ಟ ಮಾವನ್ನೂ, ಉಪ್ಪು ಎಣ್ಣೆಯಲ್ಲಿ ಹಾಕಿದ ಮಾವನ್ನೂ ಹೆಸರಿಸುತ್ತಾನೆ.

ಸಕ್ಕರೆ ಆಗ ಉಳ್ಳವರ ಪದಾರ್ಥ. ಬೆಲ್ಲ ಹಾಗಲ್ಲ, ಗಾಣವಿದ್ದ ಊರಲ್ಲೆಲ್ಲ ಸಿಗುತ್ತಿತ್ತು. ಇವತ್ತಿಗೂ ಪಕ್ಕದ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರುವಾಸಿ. ಶ್ರೀಮಂತರ ಮುರಬ್ಬದಂಥ ರುಚಿ ರೈತರ ಮನೆಗೂ ಎಟುಕಿದ್ದು ಈ ಬೆಲ್ಲದಿಂದ.

ಕೆಡದೆ ಉಳಿಯುವ ಗುಟ್ಟೇನು? ಕುದಿಸುವಾಗ ಕಾಯಿಯ ನೀರು ಆರುತ್ತದೆ. ಉಳಿದ ನೀರನ್ನು ಬೆಲ್ಲ ಹಿಡಿದಿಡುತ್ತದೆ, ಹುಳಿ ಅದಕ್ಕೆ ಬೆಂಬಲ. ಬೂಷ್ಟು ಬೆಳೆಯಲು ಬೇಕಾದ ನೀರೇ ಸಿಗುವುದಿಲ್ಲ. ಕಾಯಿಯಲ್ಲಿರುವ ಪೆಕ್ಟಿನ್ ಎಂಬ ಅಂಶ ಗಟ್ಟಿತನ ಕೊಡುತ್ತದೆ. ಫ್ರಾನ್ಸಿನ ವಿಜ್ಞಾನಿ ಬ್ರಾಕೊನೊ ಅದನ್ನು ಗುರುತಿಸಿದ್ದು 1825ರಲ್ಲಿ.

ಅಮೆರಿಕದವರು ಸೇಬನ್ನು ಹೀಗೆಯೇ ಬೇಯಿಸಿ ಸಾಸ್ ಮಾಡುತ್ತಾರೆ. ಅದರಲ್ಲಿ ಸಿಹಿ ಕಡಿಮೆ, ನೀರು ಹೆಚ್ಚು. ಹಾಗಾಗಿ ಅದು ಬಹುಕಾಲ ಉಳಿಯಬೇಕಾದರೆ ಗಾಳಿಯಾಡದ ಬಾಟಲಿ ಬೇಕು. ಬಾಟಲಿಯಲ್ಲಿ ತುಂಬಿ ಮುಚ್ಚಿ ಕುದಿಸುವ ವಿಧಾನವನ್ನು ಫ್ರಾನ್ಸಿನ ನಿಕೋಲಾ ಅಪೆರ್ 1810ರಲ್ಲಿ ಪ್ರಕಟಿಸಿದ. ತಿರುಪಿನ ಮುಚ್ಚಳದ ಗಾಜಿನ ಜಾಡಿಗೆ ಅಮೆರಿಕದ ಜಾನ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ. ಅವರ ಸಾಸನ್ನು ಕಾಯುವುದು ಮುಚ್ಚಳ, ನಮ್ಮ ಗುಳಂಬವನ್ನು ಕಾಯುವುದು ಪಾಕ.

ನಮ್ಮ ನಾಡಿನಲ್ಲೂ ಕೆಡದಂತೆ ಕಾಪಿಡುವ ಈ ವಿದ್ಯೆ ಪ್ರಯೋಗಾಲಯ ಸೇರಿತು. ಆಹಾರ ಸಂಶೋಧನೆಗೆಂದೇ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸಿಎಫ್‌ಟಿಆರ್‌ಐ ಸಂಸ್ಥೆ ಆರಂಭವಾಯಿತು. ಅಂಗಡಿಗಳಿಗೆ ಜಾಮ್ ಬಾಟಲಿ ಬಂತು, ಮನೆಗಳಲ್ಲಿ ಗುಳಂಬದ ಬರಣಿ ಕಡಿಮೆಯಾಯಿತು.

ಕೇಳುಗರೇ, ಈ ಬೇಸಿಗೆಯಲ್ಲಿ ರೋಹಿಣಿ ಮಳೆ ಹಿಡಿಯುವ ಮುಂಚೆ ಹುಳಿಗಾಯಿ ತಂದು ಒಂದು ಸಲ ಮಾಡಿನೋಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗಿಬರದು. ತೆಗೆಯುವ ಚಮಚ ಒಣಗಿರಲಿ. ನಿಮ್ಮ ಮನೆಯ ಹಿರಿಯರು ಕಾಯಿಗೆ ಬೆಲ್ಲ ಎಷ್ಟು ಹಾಕುತ್ತಿದ್ದರೆಂದು ಕೇಳಿ ಬರೆದಿಡಿ. ಆ ಅಳತೆ ಯಾವ ಶಾಸ್ತ್ರಗ್ರಂಥದಲ್ಲೂ ಸಿಗುವುದಿಲ್ಲ.