ಸ್ಥೌಲ್ಯವೂ ಆಯುರ್ವೇದವೂ



ಮೈ ಬೆಳೆದವರನ್ನು ಕಂಡು ನಗುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಆ ನಗೆಯ ಬೆನ್ನಿಗೇ, "ಊಟ ಬಿಟ್ಟರೆ ತಾನೇ ಕರಗುತ್ತದೆ" ಎಂಬ ಉಪದೇಶವೂ ಬರುವುದುಂಟು. ಇವೆರಡೂ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ನಮ್ಮ ವೈದ್ಯಗ್ರಂಥಗಳ ಬೆಳಕಿನಲ್ಲಿ ಈ ಹೊತ್ತು ವಿಚಾರ ಮಾಡೋಣ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಸ್ಥೌಲ್ಯದ ಪ್ರಸ್ತಾಪವು ವಿಸ್ತಾರವಾಗಿ ಬಂದಿದೆ. ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು, ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ, ಕಾರಣವಾಗಿ ಅಲ್ಲಿ ಹೇಳಿದೆ. ಹುಟ್ಟಿನೊಡನೆ ಬಂದುದಕ್ಕಾಗಿ ಒಬ್ಬರನ್ನು ಹಾಸ್ಯಮಾಡುವುದು ಯಾವ ಧರ್ಮ?

ಸ್ಥೂಲನಿಗೆ ಒದಗುವ ಎಂಟು ದೋಷಗಳಲ್ಲಿ ಅತಿಯಾದ ಹಸಿವೂ ಒಂದು. ಮೇದಸ್ಸು ಮಾರ್ಗಗಳನ್ನು ಮುಚ್ಚಿದುದರಿಂದ ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಕೆರಳಿಸುತ್ತದೆಂದು ಚರಕದ ವಿವರಣೆ. ಉಪವಾಸದಿಂದ ತೂಕವಿಳಿದವರಲ್ಲಿ ಹಸಿವನ್ನು ಪ್ರೇರಿಸುವ ಹಾರ್ಮೋನುಗಳು ಹೆಚ್ಚುತ್ತವೆಂದು ಇಂದಿನ ಶಾಸ್ತ್ರ ಹೇಳುತ್ತದೆ. ವಿವರಣೆಗಳು ಬೇರೆ, ಆದರೆ ಈ ಹಸಿವು ಬರಿಯ ನಾಲಗೆಯ ಚಾಪಲ್ಯವಲ್ಲವೆಂಬುದು ಎರಡರಿಂದಲೂ ತಿಳಿದುಬರುತ್ತದೆ.

ಆದುದರಿಂದಲೇ ಚರಕದಲ್ಲಿ ಹೇಳಿರುವ ಆಹಾರವು ಗುರುವೂ ಹೌದು, ಅತರ್ಪಣವೂ ಹೌದು. ಎಂದರೆ, ಹೊಟ್ಟೆಯಲ್ಲಿ ಬಹುಹೊತ್ತು ನಿಲ್ಲತಕ್ಕದ್ದು, ಆದರೆ ಮೈಯನ್ನು ಬೆಳೆಸದಿರತಕ್ಕದ್ದು. ಜವೆಗೋಧಿ, ಹುರುಳಿ, ಹೆಸರು ಇವು ಅಂಥವು. ನಮ್ಮ ಅಡಿಗೆಮನೆಯ ಹುರುಳಿಯ ಸಾರು ಈ ಪಥ್ಯಕ್ಕೆ ದೂರವಾದುದಲ್ಲ. ಒಣಚೂರ್ಣದಿಂದ ಮೈಯುಜ್ಜುವ ಉದ್ವರ್ತನವನ್ನೂ ವ್ಯಾಯಾಮವನ್ನೂ ವಿಧಿಸಿದೆ. ಇವೆಲ್ಲವನ್ನೂ ಒಮ್ಮೆಗೇ ಅಲ್ಲ, ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬ ಮಾತನ್ನು ನಾವು ವಿಶೇಷವಾಗಿ ನೆನಪಿಡಬೇಕು.

ಹಾಗಾದರೆ ಗುಳಿಗೆಯೊಂದರಿಂದ ಕೆಲಸವಾಗದೆ? ಸ್ಥೂಲನಿಗೆ ಔಷಧವೇ ಇಲ್ಲವೆಂದು ವಾಗ್ಭಟನು ನಿಷ್ಠುರವಾಗಿ ಹೇಳಿಬಿಟ್ಟಿದ್ದಾನೆ. ನಮ್ಮ ಮಲೆನಾಡಿನ ಉಪ್ಪಾಗೆಯ ಸಾರವನ್ನು ಮೈ ಕರಗಿಸುವ ಮದ್ದೆಂದು ಲೋಕವೆಲ್ಲ ಮಾರುತ್ತಿರುವರಷ್ಟೆ. ಅಮೆರಿಕದ ವೈದ್ಯರು 135 ಮಂದಿಯ ಮೇಲೆ 12 ವಾರ ಅದನ್ನು ಪರೀಕ್ಷಿಸಿ, ಬರಿಯ ಹುಸಿಗುಳಿಗೆಗಿಂತ ಅದರಿಂದ ಹೆಚ್ಚಿನ ಫಲವು ಕಾಣಲಿಲ್ಲವೆಂದು 1998ರಲ್ಲಿ ಪ್ರಕಟಿಸಿದರು.

ಕೊನೆಯದಾಗಿ ಒಂದೆರಡು ಎಚ್ಚರಿಕೆಯ ಮಾತು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ತೊಡಗಿದರೆ, ರಕ್ತದಲ್ಲಿನ ಸಕ್ಕರೆ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಕಾರಣವಿಲ್ಲದೆ ತೂಕವೇರಿದಲ್ಲಿ ಗಂಟಲಿನ ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ಮೀರಿದರೆ ಅಲಕ್ಷ್ಯ ಸಲ್ಲದು.

ವರ್ಷಗಳಿಂದ ಸೇರಿದ ಮೇದಸ್ಸು ವಾರದಲ್ಲಿ ಹೋಗಲೆಂದು ಬಯಸುವುದೇ ನಮ್ಮ ತಪ್ಪು. ನಾಳೆಯ ಊಟದಲ್ಲಿ ಒಂದು ತುತ್ತು ಅನ್ನ ಕಡಿಮೆ, ಒಂದು ಸೌಟು ಹುರುಳಿ ಹೆಚ್ಚು. ಸಂಜೆ ಒಂದು ಬೀದಿಯಷ್ಟು ಹೆಚ್ಚು ನಡಿಗೆ. ಇಷ್ಟರಿಂದ ಆರಂಭಿಸೋಣ. ಮನೆಯಲ್ಲಿ ಯಾರಾದರೂ ಹೀಗೆ ಆರಂಭಿಸಿದರೆ, ಉಳಿದವರು ನಗದೆ ಅವರೊಡನೆ ಹೆಜ್ಜೆ ಹಾಕೋಣ.