ಡಬ್ಬಿಯ ಮೇಲಿನ ಎರಡು ಅಂಕಿ

ಸೊರಬದ ಅಡಿಕೆ ತೋಟಕ್ಕೂ ಶಿಕಾರಿಪುರದ ಮೆಕ್ಕೆಜೋಳದ ಹೊಲಕ್ಕೂ ಮಳೆ ಬೇರೆ, ಬೆಳೆ ಬೇರೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಮಾತ್ರ ಹೆಚ್ಚುಕಡಿಮೆ ಒಂದೇ. ಹಿಂದೆ ಅದರೊಳಗೆ ಇದ್ದದ್ದು ಕಾಂಟ್ಯಾಕ್ಟರ್, ರಿಲೇ. ಸ್ವಲ್ಪ ಥಂಡಿ, ಸ್ವಲ್ಪ ದೂಳು ಸಹಿಸಿಕೊಂಡು ಹೇಗೋ ನಡೆಯುತ್ತಿದ್ದವು. ಈಗ ಮೊಬೈಲಿನಿಂದಲೇ ಮೋಟಾರ್ ಚಾಲೂ ಮಾಡುವ ಸರ್ಕ್ಯೂಟ್ ಬೋರ್ಡೂ ಅಲ್ಲಿಗೆ ಬಂದು ಕೂತಿದೆ. ಅದಕ್ಕೆ ಆ ಸಹನೆ ಇಲ್ಲ. ರೈತರು, ಎಲೆಕ್ಟ್ರಿಷಿಯನ್ನರು, ಐಟಿಐ ಬೋಧಕರು ಈ ಸಂಕಿರಣದಲ್ಲಿ ಒಟ್ಟಿಗೆ ಕೂರಬೇಕಾಗಿ ಬಂದಿರುವುದು ಇದಕ್ಕೇ.

ದೂಳು, ನೀರನ್ನು ಡಬ್ಬಿ ಎಷ್ಟು ತಡೆಯುತ್ತದೆಂದು ಹೇಳಲು ಅದರ ಮೇಲೆ ಐಪಿ 54, ಐಪಿ 65 ಎಂದು ಅಚ್ಚಾಗಿರುವ ಗುರುತು ಅಂತರರಾಷ್ಟ್ರೀಯ ಮಾನಕ ಐಇಸಿ 60529ಕ್ಕೆ ಸೇರಿದ್ದು. ಭಾರತದಲ್ಲಿ ಅದೇ ಐಎಸ್/ಐಇಸಿ 60529. ಮೊದಲ ಅಂಕಿ ಘನವಸ್ತುವಿನದು. 2 ಇದ್ದರೆ ಒಳಗಿನ ಅಪಾಯದ ಭಾಗ ಬೆರಳಿಗೆ ಸಿಗದು, 4 ಇದ್ದರೆ 1 ಮಿ.ಮೀ. ತಂತಿಯೂ ನುಗ್ಗದು. 5ರಲ್ಲಿ ಕೆಲಸಕ್ಕೆ ಅಡ್ಡಿಯಾಗದಷ್ಟು ದೂಳು ಹೋಗಬಹುದು. 6ರಲ್ಲಿ ಅದೂ ಇಲ್ಲ. ಎರಡನೆಯ ಅಂಕಿ ನೀರಿನದು. 4 ಎಂದರೆ ಎಲ್ಲ ದಿಕ್ಕಿನ ಎರಚಲು. 5 ಎಂದರೆ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ಚಿಮ್ಮುವ ನೀರು. 6ಕ್ಕೆ ಇನ್ನೂ ದೊಡ್ಡ ನಳಿಕೆಯಿಂದ 100 ಲೀಟರ್.

ಅಲ್ಲಿಂದ ಮುಂದೆ ಎಣಿಕೆಯ ತರ್ಕ ಕೈಕೊಡುತ್ತದೆ. 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸುವ ಪರೀಕ್ಷೆ. ಅದನ್ನು ಗೆದ್ದ ಡಬ್ಬಿ ಪೈಪಿನ ನೀರಿನ ಹೊಡೆತವನ್ನೂ ತಡೆಯುತ್ತದೆಂಬ ಖಾತ್ರಿ ಇಲ್ಲ. ಎರಡೂ ಬೇಕಿದ್ದರೆ ಐಪಿ 66/67 ಎಂದು ಎರಡು ಗುರುತೂ ಇರಬೇಕು. ಸದಾ ಮುಳುಗಿರುವ ಕೊಳವೆಬಾವಿ ಮೋಟಾರಿಗೆ 8 ಬೇಕು, ಮೇಲಿನ ಸ್ಟಾರ್ಟರಿಗೆ ಅದರ ಹಂಗಿಲ್ಲ. ದೊಡ್ಡ ಅಂಕಿ ಎಂದರೆ ದೊಡ್ಡ ರಕ್ಷಣೆ ಎಂದು ಅಂಗಡಿಯಲ್ಲಿ ಹಣ ಎಣಿಸುವವರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ, ಟಾಲ್ಕಂ ಪುಡಿಯಲ್ಲಿ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಸಿಡಿದು ತಗಡು ತುಕ್ಕು ಹಿಡಿದರೆ, ಬಿಸಿಲಿಗೆ ಗ್ಯಾಸ್ಕೆಟ್ ಬಿರುಕು ಬಿಟ್ಟರೆ, ಇರುವೆ ಗೂಡು ಕಟ್ಟಿದರೆ ಅದು ಆ ಅಂಕಿಗಳ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಹೆಚ್ಚು ಕಾಡುವುದು ಒಳಗೇ ಹುಟ್ಟುವ ನೀರು. ಬಿಸಿಲಿಗೆ ಕಾದ ಡಬ್ಬಿಯ ಗಾಳಿ ಹಿಗ್ಗಿ ಸಂದಿಯಿಂದ ಹೊರಬೀಳುತ್ತದೆ. ಹಠಾತ್ ಮಳೆಗೆ ತಣಿದಾಗ ಒದ್ದೆ ಗಾಳಿ ಒಳಸೇರುತ್ತದೆ. ರಾತ್ರಿ ಅದು ಬೋರ್ಡಿನ ಮೇಲೆ ಹನಿಗಟ್ಟುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಿಂದ ಆ ತೇವ ಬೇಗ ಹೊರಹೋಗದು. ಆವಿಯನ್ನು ಬಿಟ್ಟು ನೀರನ್ನು ತಡೆಯುವ ಬ್ರೀದರ್ ಮತ್ತು ತಲೆಯ ಮೇಲೊಂದು ಪುಟ್ಟ ಮಾಡು, ಇಲ್ಲಿ ದೊಡ್ಡ ಅಂಕಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಇಷ್ಟಾಗಿಯೂ ಕೊನೆಯ ಮಾತು ಡ್ರಿಲ್ಲಿಂಗ್ ಮಷೀನಿನದು. ನೆತ್ತಿಗೆ ತೂತು ಕೊರೆದು ಕೇಬಲ್ ಇಳಿಸಿದರೆ ಐಪಿ 65 ಅಲ್ಲಿಗೆ ಮುಗಿಯಿತು. ಕೇಬಲ್ ಕೆಳಗಿನಿಂದ ಬರಬೇಕು, ಅದರ ದಪ್ಪಕ್ಕೆ ಸರಿಹೊಂದುವ ಗ್ಲ್ಯಾಂಡ್ ಬಿಗಿದಿರಬೇಕು, ಬಳಸದ ತೂತಿಗೆ ಪ್ಲಗ್ ಇರಬೇಕು. ಟೇಪು ಸುತ್ತಿದರೆ ಗ್ಲ್ಯಾಂಡ್ ಆಗುವುದಿಲ್ಲ!

ಆದ್ದರಿಂದ ಜಾಗ ನೋಡಿ ಅಂಕಿ ಕೇಳುವ ರೂಢಿಯನ್ನು ಈ ಸಂಕಿರಣ ಬೆಳೆಸಲಿ. ಸೂರಿನಡಿಯ ಅಡಿಕೆ ಸುಲಿಯುವ ಯಂತ್ರಕ್ಕೆ ದೂಳಿನ ಅಂಕಿಯೇ ಮುಖ್ಯ. ಓರೆಯಾಗಿ ಬೀಳುವ ಮಳೆಗೆ ಮೈಯೊಡ್ಡಿದ ಸ್ಟಾರ್ಟರಿಗೆ 54ಕ್ಕಿಂತ ಕಡಿಮೆ ಸಲ್ಲದು. ಗ್ಲ್ಯಾಂಡ್, ಪ್ಲಗ್‌ಗಳ ಬೆಲೆಯನ್ನು ಡಬ್ಬಿಯ ಬಿಲ್ಲಿನಲ್ಲೇ ಸೇರಿಸುವುದು ಹೇಗೆ ಎಂಬುದನ್ನು ಮೊದಲ ಗೋಷ್ಠಿ ಚರ್ಚೆಗೆ ಎತ್ತಿಕೊಳ್ಳಲಿ.